ಬರ್ರಿ, ಕುಂದ್ರಿ

ನಾನು ಎದ್ದು ಹೋದ ಮೇಲೂ ನನ್ನ ಕುರ್ಚಿಯಲ್ಲಿ ಒಬ್ಬ ಕೂತಿರುತ್ತಾನೆ. ಇದನ್ನು ಮೊದಲು ಕಂಡುಹಿಡಿದವನು ನಾನಲ್ಲ, ಪಕ್ಕದ ಝೆರಾಕ್ಸ್ ಅಂಗಡಿಯ ದಾದಾಪೀರ. ಒಂದು ದಿನ ಚಹಾಕ್ಕೆ ಕರೆಯಲು ಬಂದವನು, ನಾನು ಹೊರಗೆ ಬಂದ ಮೇಲೆ ಒಳಗೆ ಬಗ್ಗಿ ನೋಡಿ, "ಶಿವಣ್ಣಾ, ನೀ ಬಂದಿ ಖರೇ, ನಿನ್ನ ಕುಂಡಿ ಅಲ್ಲೇ ಐತೆಲ್ಲೋ!" ಎಂದ.

ಕುರ್ಚಿಯ ಮೇಲಿನ ಸಣ್ಣ ಗಾದಿ ನನ್ನ ಹೆಂಡತಿ ಗಿರಿಜಾ ಹಳೆಯ ಸೀರೆಗೆ ಅರಳೆ ತುಂಬಿ ಹೊಲಿದುಕೊಟ್ಟದ್ದು. ವರ್ಷಗಟ್ಟಲೆ ಒಬ್ಬನೇ ಕೂತು ಕೂತು ಅದರಲ್ಲಿ ಎರಡು ತಗ್ಗು ಬಿದ್ದಿವೆ. ಎಡಗಡೆಯದು ಬಲಗಡೆಯದಕ್ಕಿಂತ ಒಂದು ಬೆರಳು ಆಳ. ಬಿಸಿಲಿಗೆ ಹಾಕಿದರೂ ಕೋಲಿನಿಂದ ಬಡಿದರೂ ಅವು ಹೋಗಲಿಲ್ಲ. ಅವತ್ತು ದಾದಾಪೀರನ ಜೊತೆ ನಾನೂ ನಕ್ಕೆ. ಈಗ ಆ ತಗ್ಗು ನೋಡಿದರೆ ನಗು ಬರುವುದಿಲ್ಲ, ಹೆದರಿಕೆ ಬರುತ್ತದೆ. ಯಾಕೆ ಎಂದು ಹೇಳುತ್ತೇನೆ. ಆದರೆ ನೇರವಾಗಿ ಹೇಳುವಷ್ಟು ಧೈರ್ಯ ನನಗಿಲ್ಲ. ಸುತ್ತಿ ಬಳಸಿ ಬರುತ್ತೇನೆ, ನೀವೂ ಜೊತೆಗೆ ಬನ್ನಿ.

ಹಾವೇರಿಯಲ್ಲಿ ಕೋರ್ಟಿನ ಎದುರಿನ ಸಾಲಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್ಟು, ಕರಾರುಪತ್ರ, ಯಾರಿಗೆ ಏನು ಬೇಕೋ ಅದನ್ನು ಟೈಪು ಮಾಡಿಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷವಾಯಿತು. ಮೊದಲು ಟೈಪ್‌ರೈಟರ್ ಇದ್ದಾಗ ಸಾಲು ಮುಗಿದಾಗಲೆಲ್ಲ ಕೈ ಎತ್ತಿ ಅದರ ಮೇಲಿನ ಉರುಳೆಯನ್ನು ಆಚೆ ದೂಡಬೇಕಿತ್ತು, ಅಷ್ಟಾದರೂ ಮೈ ಅಲುಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಅದೂ ತಪ್ಪಿತು. ಮುಂಜಾನೆ ಬ್ಯಾಡಗಿಯ ಮನೆಯಿಂದ ಹೊರಟು ಬಸ್ಸಿನಲ್ಲಿ ಕೂರುತ್ತೇನೆ, ಇಳಿದು ಅಂಗಡಿಯಲ್ಲಿ ಕೂರುತ್ತೇನೆ, ಕೂತಲ್ಲೇ ಬುತ್ತಿ ಬಿಚ್ಚಿ ಉಣ್ಣುತ್ತೇನೆ, ಸಂಜೆ ಮತ್ತೆ ಬಸ್ಸಿನಲ್ಲಿ ಕೂರುತ್ತೇನೆ. ಮನೆಗೆ ಹೋದ ಕೂಡಲೇ ಗಿರಿಜಾ ಹೇಳುವ ಮೊದಲ ಮಾತು, "ದಣದ ಬಂದೀರಿ, ಕುಂದ್ರಿ."

ಆ ಮಾತಿನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಡೆ ಕುಂದ್ರಿ ಅನ್ನುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಊಟಕ್ಕೆ ಏನಿಲ್ಲದಿದ್ದರೂ ನಡೆದೀತು, ಬಂದವರಿಗೆ ಬರ್ರಿ ಕುಂದ್ರಿ ಅನ್ನದಿದ್ದರೆ ಆ ಮನೆಯ ಹೆಸರು ಕೆಟ್ಟಿತು. ಕಚೇರಿಗೆ ಹೋದಾಗ ಸಾಹೇಬರು ಕುಂದ್ರಿ ಅಂದರೆ ಅರ್ಧ ಕೆಲಸ ಆದಂತೆ. ಶಾಲೆಯಲ್ಲಿ ಉತ್ತರ ಹೇಳಿದವನು ಕೂರುತ್ತಿದ್ದ, ಹೇಳದವನು ನಿಲ್ಲುತ್ತಿದ್ದ. ಬಸ್ಸು ಬಂದರೆ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದನ್ನು ಅಕ್ಷರ ಕಲಿಯುವ ಮೊದಲೇ ಕಲಿತವರು ನಾವು. ಹೀಗೆ ಹುಟ್ಟಿದಾಗಿನಿಂದ ಕೂರುವುದು ಬಹುಮಾನ, ನಿಲ್ಲುವುದು ಶಿಕ್ಷೆ ಎಂದು ಕಲಿತ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಬಂದು, ಕೂತರೆ ಸಾಯುತ್ತೀಯ ಅಂದರೆ ಅವನು ಹೇಗೆ ನಂಬಬೇಕು, ನೀವೇ ಹೇಳಿ.

ನಮ್ಮ ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವನು. ಬೆಳಗಿನಿಂದ ಸಂಜೆಯತನಕ ಚೀಲ ಹೊತ್ತು ಅವನ ಕುತ್ತಿಗೆ ಒಂದು ಕಡೆಗೆ ವಾಲಿಯೇ ಹೋಗಿದೆ. ಅವನು ದೇವರ ಹತ್ತಿರ ಬೇಡಿದ್ದು ಒಂದೇ: ಮಗನಿಗೆ 'ಕುಂತ ಕೆಲಸ' ಸಿಗಲಿ. ಸಂಬಂಧ ನೋಡಲು ಗಿರಿಜಾಳ ಮನೆಯವರು ಬಂದಾಗ ಅಪ್ಪ ನನ್ನ ಓದು, ಗುಣ ಏನನ್ನೂ ಹೇಳಲಿಲ್ಲ. "ನಮ್ಮ ಹುಡುಗಂದು ಕುಂತ ಕೆಲಸರಿ" ಎಂದ, ಅಷ್ಟಕ್ಕೇ ಅವರು ಒಪ್ಪಿದರು. ಅಂಗಡಿ ಹಾಕಿದಾಗ ಬೇವಿನ ಹಲಗೆಯಲ್ಲಿ ಒಂದು ಕುರ್ಚಿ ಮಾಡಿಸಿ, ಬಸ್ಸಿನ ಮೇಲೆ ಹಾಕಿಕೊಂಡು ಬಂದು, ಹಾವೇರಿ ಬಸ್‌ಸ್ಟ್ಯಾಂಡಿನಿಂದ ತಲೆ ಮೇಲೆ ಹೊತ್ತು ತಂದು ಇಳಿಸಿದ. ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, "ಕುಂದ್ರು" ಎಂದ. ನಾನು ಕೂತೆ. ಅವನು ಎದುರಿಗೆ ನೆಲದ ಮೇಲೆ ಕೂತು ಬಹಳ ಹೊತ್ತು ನನ್ನನ್ನೇ ನೋಡಿದ. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಅವನು ಆ ಕುರ್ಚಿಯ ಮೇಲೆ ಕೂತವನಲ್ಲ. ಕೇಳಿದರೆ, "ಅದು ನಿನ್ನ ಕುರ್ಚಿ" ಅನ್ನುತ್ತಿದ್ದ.

ಬ್ಯಾಡಗಿ ಅಂದಕೂಡಲೇ ಸೀನು ನೆನಪಾಗುತ್ತದೆ. ಹೊರಗೆ ಹೊರಟಾಗ ಯಾರಾದರೂ ಸೀನಿದರೆ ಅಪಶಕುನ, ಒಂದು ಗಳಿಗೆ ಕೂತು, ನೀರು ಕುಡಿದು ಹೋಗಬೇಕು ಎಂಬ ಪದ್ಧತಿ ನಿಮ್ಮಲ್ಲೂ ಇರಬಹುದು. ನಮ್ಮೂರಿನಲ್ಲಿ ಆ ಪದ್ಧತಿ ಉಳಿಯುವ ಹಾಗಿರಲಿಲ್ಲ. ಮೆಣಸಿನಕಾಯಿ ಬರಲು ಶುರುವಾದರೆ ಊರಿಗೆ ಊರೇ ಸೀನುತ್ತದೆ. ಪ್ರತಿ ಸೀನಿಗೂ ಕೂತರೆ ಯಾರೂ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೂ ನಮ್ಮವ್ವ ನನ್ನನ್ನು ಮಾತ್ರ ಕೂಡಿಸುತ್ತಿದ್ದಳು. ಒಮ್ಮೆ ಪರೀಕ್ಷೆಯ ದಿನ ಅಪ್ಪನೇ ಬಾಗಿಲಲ್ಲಿ ನಿಂತು ಸಾಲಾಗಿ ಏಳು ಸಲ ಸೀನಿದ, ನಾನು ಏಳು ಸಲ ಕೂತೆದ್ದು ಶಾಲೆಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತೆ.

ಇಲ್ಲಿಯವರೆಗೆ ಬಂದದ್ದಾಯಿತು, ಇನ್ನು ಟೇಲರ್ ಚನ್ನಬಸಣ್ಣನ ವಿಷಯ ಬಿಟ್ಟು ಹೋಗಲಾಗದು. ನಮ್ಮ ಓಣಿಯ ಮೂಲೆಯಲ್ಲಿ ಅವನ ಮನೆ. ಮುಂದಿನ ಕಟ್ಟೆಯ ಮೇಲೇ ಹೊಲಿಗೆ ಮಷಿನ್ನು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ನನ್ನ ಖಾಕಿ ಚಡ್ಡಿಯನ್ನು ಹೊಲಿಯಲು ತೆಗೆದುಕೊಂಡು, "ನಾಳೆ ಬಾ" ಎಂದು ನಾಲ್ಕು ದಿನ ತಿರುಗಾಡಿಸಿದ್ದ. ಐದನೆಯ ದಿನ ಮುಂಜಾನೆ ಹೋದೆ. ಮಷಿನ್ನು ಒಂದು ಬದಿಗಿತ್ತು. ಚನ್ನಬಸಣ್ಣ ಗೋಡೆಗೆ ಒರಗಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹೊಸ ಶಾಲು ಹೊದ್ದು, ಕಣ್ಣುಮುಚ್ಚಿ ಕೂತಿದ್ದ. ಒಳಗಡೆ ಹೆಂಗಸರ ಗದ್ದಲ. ಹಬ್ಬವೋ ಪೂಜೆಯೋ ಇರಬೇಕೆಂದುಕೊಂಡು ಹತ್ತಿರ ಹೋಗಿ ಕೇಳಿದೆ, "ಮಾಮಾ, ನನ್ನ ಚಡ್ಡಿ ಆತೇನ್ರಿ?"

ಉತ್ತರ ಬರಲಿಲ್ಲ. ಇನ್ನೂ ಹತ್ತಿರ ಹೋಗಿ ಜೋರಾಗಿ ಕೇಳಿದೆ. ಅಷ್ಟರಲ್ಲಿ ಒಳಗಿನಿಂದ ಅವನ ತಾಯಿ ಹೊರಗೆ ಬಂದು ಅವನ ಮುಂದೆ ಕುಸಿದು, "ಏಳಪಾ... ಏಳೋ ನನ್ನಪ್ಪಾ, ಹುಡುಗ ಚಡ್ಡಿ ಕೇಳಾಕತ್ತೈತಿ, ಏಳೋ" ಎಂದು ಅಳತೊಡಗಿದಳು. ಅವನು ಏಳಲಿಲ್ಲ. ನಾನು ಓಡಿದೆ.

ನಮ್ಮ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಕೂಡಿಸಿಯೇ ಹೂವಿನ ಹಾರ ಹಾಕಿ, ಭಜನೆ ಮಾಡಿ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಯಾರಾದರೂ ಸತ್ತ ಸುದ್ದಿ ಬಂದರೆ ನಾವು ಕೇಳುವುದೂ ಹಾಗೆಯೇ, "ಕುಂದ್ರಿಸ್ಯಾರೇನು?" ಎಂದು. ಇದು ಆ ದಿನ ನನಗೆ ಗೊತ್ತಿರಲಿಲ್ಲ. ಓಣಿಯ ಹಿರಿಯರು ಮಾತಾಡಿಕೊಂಡದ್ದು ಮಾತ್ರ ಇನ್ನೂ ಕಿವಿಯಲ್ಲಿದೆ: "ಪುಣ್ಯವಂತ. ಮಷಿನ್ ಮುಂದ ಕುಂತಲ್ಲೇ ಹ್ವಾದ. ಯಾರಿಗೂ ತ್ರಾಸ ಕೊಡಲಿಲ್ಲ." ಕುಂತಲ್ಲೇ ಹೋಗುವುದು ಪುಣ್ಯವೋ ಏನೋ, ನಾನು ಆಮೇಲೆ ಎಷ್ಟೋ ದಿನ ಕೂತವರನ್ನು ಕಂಡರೆ ಮೊದಲು ಅವರ ಎದೆ ಏರಿಳಿಯುತ್ತದೆಯೇ ಎಂದು ನೋಡುತ್ತಿದ್ದೆ. ಈಗ ಅನಿಸುತ್ತದೆ, ಚನ್ನಬಸಣ್ಣನ ಕಾಲುಗಳಾದರೂ ದಿನವಿಡೀ ಮಷಿನ್ನು ತುಳಿಯುತ್ತಿದ್ದವು. ನನ್ನವಕ್ಕೆ ಅದೂ ಇಲ್ಲ.

ಕಾಲಿನ ಮಾತಿಗೇ ಬಂದೆ, ಇನ್ನು ತಪ್ಪಿಸಿಕೊಳ್ಳಲಾರೆ. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೋರ್ಟಿನ ಮುಂದೆ ಕೆಲಸ ಬಹಳವಿತ್ತು. ಚಹಾಕ್ಕೂ ಏಳದೆ ಟೈಪು ಮಾಡುತ್ತಿದ್ದೆ. ಒಂದು ಸಂಜೆ ಬಸ್ಸಿನಿಂದ ಇಳಿದಾಗ ಎಡಗಾಲಿನ ಮೀನಖಂಡ ಹಿಡಿದುಕೊಂಡಂತೆ ಆಯಿತು. ಮನೆಗೆ ಹೋಗಿ ನೋಡಿದರೆ ಒಂದು ಕಾಲು ನನ್ನದು, ಇನ್ನೊಂದು ಯಾರದೋ. ಊದಿಕೊಂಡು, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿತ್ತು. ನನಗೆ ಭಯವಾಯಿತು. ಭಯವಾದಾಗ ನಾನು ತಮಾಷೆ ಮಾಡುತ್ತೇನೆ. "ಒಂದ ಕಾಲರ ಮೈ ಹಿಡದೈತಿ ನೋಡು" ಎಂದೆ. ಗಿರಿಜಾ ನಗದೆ ಎಣ್ಣೆ ಬಿಸಿ ಮಾಡಿಕೊಂಡು ಬಂದು ಮೂರು ದಿನ ತಿಕ್ಕಿದಳು. ನಾಲ್ಕನೆಯ ದಿನ ಅವಳ ಅಣ್ಣ, ಹಲಗೇರಿಯ ಬಸಣ್ಣ ಬಂದು ಕಾಲು ನೋಡಿದವನೇ ನನ್ನನ್ನು ರಾಣೆಬೆನ್ನೂರಿನ ದವಾಖಾನೆಗೆ ಎಳೆದುಕೊಂಡು ಹೋದ.

ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಕಾಲಿನ ಸ್ಕ್ಯಾನ್ ನೋಡಿ, ಮೊದಲು ಕೇಳಿದ್ದು, "ಯಾರರ ಎಣ್ಣಿ ಹಚ್ಚಿ ತಿಕ್ಕ್ಯಾರೇನು?"

ಗಿರಿಜಾ ಹೆಮ್ಮೆಯಿಂದ, "ನಾನರಿ, ಮೂರ ದಿನಾ ತಿಕ್ಕೇನಿ" ಎಂದಳು.

"ಇನ್ನ ಮುಟ್ಟಬ್ಯಾಡ್ರಿ ತಾಯಿ. ಕಾಲಿನ ನರದಾಗ ರಕ್ತ ಹೆಪ್ಪುಗಟ್ಟೈತಿ. ಆ ಗಂಟು ಕಿತ್ಕೊಂಡು ಮ್ಯಾಲ ಹೋಗಿ ಪುಪ್ಪಸದಾಗ ಸಿಕ್ಕೊಂಡ್ರ ನಮ್ಮ ಕೈಯಾಗ ಏನೂ ಇರಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ದಿನಕ್ಕ ಎಷ್ಟ ತಾಸು ಕುಂದರ್ತೀರಿ?" ಎಂದರು.

ನಾನು ಎಣಿಸಿದೆ. ಬಸ್ಸು, ಅಂಗಡಿ, ಊಟ, ಮತ್ತೆ ಬಸ್ಸು, ಮನೆಯ ಟಿವಿ. ಮಲಗಿದ್ದನ್ನು ಕಳೆದರೆ ಉಳಿದದ್ದೆಲ್ಲ ಕೂತದ್ದೇ. ಮಾನ ಉಳಿಸಿಕೊಳ್ಳಲು, "ರವಿವಾರ ವಾಕಿಂಗ್ ಹೋಗ್ತೇನ್ರಿ" ಎಂದೆ.

"ರವಿವಾರ ಉಂಡಿದ್ದು ವಾರಪೂರ್ತಿ ಸಾಕಾಗತೈತೇನ್ರಿ? ನಡಿಯೂದೂ ಹಂಗ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕ ಹೆಜ್ಜಿ ಹಾಕಬೇಕು. ಬ್ಯಾರೆ ಕಾರಣಾನೂ ಇರಬಹುದು, ಪರೀಕ್ಷಾ ಮಾಡೂಣು. ಆದ್ರ ಹಿಂಗ ತಾಸುಗಟ್ಲೆ ಅಲ್ಲಾಡದಂಗ ಕುಂತ್ರ ಕಾಲಾಗಿನ ರಕ್ತ ಮ್ಯಾಲ ಏರೂದು ನಿಧಾನ ಆಗತೈತಿ."

ಹೆಪ್ಪು ಅಂದಕೂಡಲೇ ನನಗೆ ಅವ್ವನ ಅಡುಗೆಮನೆ ಕಂಡಿತು. ಹಾಲಿಗೆ ಹೆಪ್ಪು ಹಾಕಿ ಗಡಿಗೆಯನ್ನು ಮೂಲೆಯಲ್ಲಿಟ್ಟು, "ಯಾರೂ ಅಳ್ಳಾಡಿಸಬ್ಯಾಡ್ರಿ, ಅದರ ಪಾಡಿಗೆ ಅದು ಕುಂದರ್ಲಿ" ಅನ್ನುತ್ತಿದ್ದಳು. ಅಲ್ಲಾಡಿಸದೆ ಇಟ್ಟರೆ ಮೊಸರು ಗಟ್ಟಿಯಾಗಿ ಕೂರುತ್ತದೆ. ನಾನು ನನ್ನ ರಕ್ತವನ್ನು ಹಾಗೆಯೇ ಮೂಲೆಯಲ್ಲಿಟ್ಟಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ನಾನು ಮಾಡಿದ್ದು ಒಂದೇ, ಉಸಿರು ಎಣಿಸುವುದು. ಕೆಮ್ಮು ಬಂದರೆ ಗಂಟು ಹೊರಟಿತು ಅನಿಸುತ್ತಿತ್ತು. ಆಕಳಿಕೆ ಬಂದರೆ ಬಂದೇ ಬಿಟ್ಟಿತು ಅನಿಸುತ್ತಿತ್ತು. ಇಡೀ ಆಯುಷ್ಯದಲ್ಲಿ ಅಷ್ಟು ಹೆದರಿದ್ದಿಲ್ಲ. ಹೆದರಿದ್ದು ಯಾರಿಗೂ ತಿಳಿಯಬಾರದೆಂದು ನರ್ಸಮ್ಮನ ಜೊತೆ ಜೋಕು ಮಾಡುತ್ತಿದ್ದೆ. ಅವರು ನನ್ನ ನಾಡಿ ಹಿಡಿದು, "ಅಜ್ಜಾರ, ಮಾತ ಕಮ್ಮಿ ಮಾಡ್ರಿ, ಎದಿ ಭಾಳ ಜೋರ ಬಡ್ಕೊಳ್ಳಾಕತ್ತೈತಿ" ಎಂದಾಗ, ಅಜ್ಜ ಅಂದದ್ದಕ್ಕೆ ಬೇಜಾರಾಗಲೂ ಪುರುಸೊತ್ತಿರಲಿಲ್ಲ.

ಇಂಜೆಕ್ಷನ್ನು, ಮಾತ್ರೆ ಎಲ್ಲ ಕೊಟ್ಟು, ಐದು ದಿನಕ್ಕೆ ಮನೆಗೆ ಕಳಿಸಿದರು. ನಡುನಡುವೆ ಅಡ್ಡಾಡಬೇಕು, ಕೂತಾಗ ಕಾಲು ಎತ್ತರಕ್ಕಿರಬೇಕು. ಬ್ಯಾಡಗಿಯ ಮನೆಗೆ ಬಂದ ಮರುದಿನ ಸೋಮವಾರ. ಗಿರಿಜಾ ನನ್ನ ಹಣೆಗೆ ವಿಭೂತಿ ಹಚ್ಚಿ, ಥಂಡಿ ಎಂದು ಶಾಲು ಹೊದಿಸಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದಳು. ಓಣಿಯವರು ನೋಡಲು ಬರುತ್ತಿದ್ದರು. ಅವಳು ಎರಡು ದಿನದಿಂದ ಬರದಿದ್ದ ಅಣ್ಣನಿಗೆ ಫೋನು ಮಾಡಿದಳು. ನಾನು ಉಳಿದೆನೆಂಬ ಸಮಾಧಾನಕ್ಕೆ ಅವಳಿಗೆ ಅಳು ಬಂತು. ಅಳುತ್ತಲೇ ಹೇಳಿದಳು, "ಅಣ್ಣಾ, ಮನಿಗೆ ಕರಕೊಂಡ ಬಂದೇವಿ. ಪಡಸಾಲ್ಯಾಗ ಕುಂದ್ರಿಸೇವಿ. ಮಂದಿ ಬಂದು ನೋಡ್ಕೊಂಡು ಹೊಂಟಾರ. ನೀ ಲಗೂನ ಬಾ."

ಒಂದೇ ಒಂದು ಸುಳ್ಳಿರಲಿಲ್ಲ ಆ ಮಾತಿನಲ್ಲಿ. ನಮ್ಮ ಮಂದಿಗೆ ಅದರ ಅರ್ಥವೂ ಒಂದೇ ಆಗಿತ್ತು.

ಒಂದೂವರೆ ತಾಸಿನಲ್ಲಿ ಮನೆಯ ಮುಂದೆ ಟಂಟಂ ಆಟೋ ಬಂದು ನಿಂತಿತು. ಬಸಣ್ಣ, ಹಲಗೇರಿಯ ನಾಲ್ಕು ಜನ ಹಿರಿಯರು, ಅವರಲ್ಲೊಬ್ಬರ ಕೈಯಲ್ಲಿ ಭಜನೆಯ ತಾಳ. ಬಸಣ್ಣನ ಕೈಯಲ್ಲಿ ಚೆಂಡು ಹೂವಿನ ದಪ್ಪ ಹಾರ. ಬಾಗಿಲಲ್ಲೇ ಅವನ ದನಿ ಒಡೆಯಿತು. ವಿಭೂತಿ, ಶಾಲು, ಗೋಡೆ ಎಲ್ಲವೂ ಇರಬೇಕಾದಲ್ಲಿ ಇದ್ದವು. ನಾನು ಮಾತ್ರೆಯ ಮಂಪರಿನಲ್ಲಿ ಕಣ್ಣುಮುಚ್ಚಿದ್ದೆ. "ಏಳ್ರೀ ಶಿವಣ್ಣಾರ! ನಮ್ಮ ತಂಗೀನ್ನ ಬಿಟ್ಟು ಹೆಂಗ ಹೋದ್ರೀ, ಏಳ್ರೀ" ಎಂದು ಅವನು ನನ್ನ ಮುಂದೆ ಮೊಣಕಾಲೂರಿ ಕೊರಳಿಗೆ ಹಾರ ಹಾಕಿದ. ತಣ್ಣಗೆ ಹೂವು ತಾಗಿ ಕಣ್ಣು ಬಿಟ್ಟೆ. ಬಾಗಿಲ ತುಂಬ ಮಂದಿ. ಬಾಯಿಗೆ ಹುಟ್ಟಿನಿಂದ ರೂಢಿಯಾದ ಮಾತು ತಾನಾಗಿ ಬಂತು.

"ಬರ್ರಿ, ಕುಂದ್ರಿ."

ಬಸಣ್ಣ ಚೀರಿಕೊಂಡು ಹಿಂದಕ್ಕೆ ಬಿದ್ದ. ತಾಳದವರು ತಾಳ ಅಲ್ಲೇ ಬಿಟ್ಟು ಓಡಿದವರು ಟಂಟಂ ಹತ್ತಿಯೇ ನಿಂತರು. ಆಮೇಲೆ ಎಲ್ಲರೂ ನಕ್ಕರು, ಚಹಾ ಕುಡಿದರು, ಬಸಣ್ಣ ಗಿರಿಜಾಳಿಗೆ ಮನಸಾರೆ ಬೈದ. ಈ ಕಥೆಯನ್ನು ನಾನು ಅಂಗಡಿಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಹೇಳದೆ ಬಿಡುವುದು ಒಂದೇ: ಹಾರ ಹಾಕಿದ ಆ ಗಳಿಗೆಯಲ್ಲಿ, ಕಣ್ಣು ಬಿಡುವ ಮೊದಲು, ಏಳ್ರೀ ಎಂಬ ದನಿ ಕೇಳಿ, ಏಳಬೇಕೆಂದು ನೋಡಿದೆ. ಕಾಲು ಏಳಲಿಲ್ಲ. ಊದಿದ್ದಕ್ಕೋ, ಜೋಮು ಹಿಡಿದದ್ದಕ್ಕೋ ಇರಬೇಕು. ಆದರೆ ಚನ್ನಬಸಣ್ಣನೂ ಒಳಗೆ ಹೀಗೆಯೇ ಕೇಳಿಸಿಕೊಂಡು ಏಳಲಾರದೆ ಕೂತಿದ್ದನೇನೋ ಎಂಬ ವಿಚಾರ ಬಂತು. ಅದು ಇನ್ನೂ ಹೋಗಿಲ್ಲ.

ಆ ದಿನ ನಗದೇ ಇದ್ದವನು ಅಪ್ಪ ಒಬ್ಬನೇ. ಮೂಲೆಯಲ್ಲಿ ನಿಂತು ನನ್ನ ಕೊರಳಿನ ಹಾರವನ್ನೇ ನೋಡುತ್ತಿದ್ದ. ನಾನು ಮತ್ತೆ ಅಂಗಡಿಗೆ ಹೊರಟ ದಿನ ಅವನೂ ವಸ್ತ್ರ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಅಂದಿನಿಂದ ದಿನವೂ ಬರುತ್ತಾನೆ. ಅವನ ಕೈಯಲ್ಲಿ ಗಡಿಯಾರವಿಲ್ಲ. ಕೋರ್ಟಿನ ಬೇವಿನ ಮರದಿಂದ ಬಸ್‌ಸ್ಟ್ಯಾಂಡಿನ ತಿರುವಿನತನಕ ನಿಧಾನ ನಡೆದು ಮೂರು ಸಲ ಹೋಗಿ ಬಂದರೆ ಅರ್ಧ ತಾಸು ಎಂದು ಅವನ ಲೆಕ್ಕ. ಮೂರನೆಯ ಸುತ್ತಿಗೆ ಬಂದು ಬಾಗಿಲಲ್ಲಿ ನಿಂತು, "ಏಳು" ಅನ್ನುತ್ತಾನೆ. ನಾನು ಎದ್ದು ದಾದಾಪೀರನ ಅಂಗಡಿಯತನಕ ನಾಲ್ಕು ಸಲ ಅಡ್ಡಾಡಿ ಬರಬೇಕು. ಒಬ್ಬ ವಕೀಲರ ಗುಮಾಸ್ತ ಸಿಟ್ಟಿಗೆದ್ದು, "ಅಜ್ಜಾ, ಅರ್ಜಿ ಅರ್ಧಾ ಆಗೈತಿ, ಸ್ವಲ್ಪ ತಡೀರಿ" ಎಂದ.

"ಅರ್ಜಿ ಅರ್ಧಾ ಆದ್ರ ನಾಳೆ ಮುಗೀತೈತಿ. ಮಗಾ ಅರ್ಧಕ್ಕ ಹೋದ್ರ?" ಎಂದ ಅಪ್ಪ. ಗುಮಾಸ್ತ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಕುಂತ ಕೆಲಸಕ್ಕಾಗಿ ದೇವರನ್ನು ಬೇಡಿದವನ ಬಾಯಿಂದ ಆ ಮಾತು ಕೇಳಿ ನನಗೆ ಅಳು ಬಂತು. ಕೆಮ್ಮಿದಂತೆ ಮಾಡಿದೆ, ಅದಕ್ಕೂ ಅವನು ಹೆದರಿದ.

ಹೋದ ಸೋಮವಾರ ಮಧ್ಯಾಹ್ನ ಕರೆಂಟು ಹೋಯಿತು. ಕೆಲಸವಿಲ್ಲ. ಬುತ್ತಿ ಉಂಡು, ಟವೆಲ್ ಹೆಗಲಿಗೆ ಹಾಕಿಕೊಂಡು, ಗೋಡೆಗೆ ತಲೆ ಆನಿಸಿ ಹಾಗೇ ಕಣ್ಣುಮುಚ್ಚಿದೆ. ಜೋಂಪು ಹತ್ತಿತು. ಎಷ್ಟು ಹೊತ್ತೋ ಗೊತ್ತಿಲ್ಲ, ದೂರದಿಂದ ದನಿಯೊಂದು ಕೇಳಿಸಿತು.

"ಏಳಪಾ... ಏಳೋ ನನ್ನಪ್ಪಾ."

ದಿನವೂ ಹೇಳುವ 'ಏಳು' ಅಲ್ಲ ಅದು. ಆ ಕಟ್ಟೆಯ ಮೇಲೆ ಚನ್ನಬಸಣ್ಣನ ತಾಯಿ ಕರೆದ ದನಿ. ಮೈಯೆಲ್ಲ ತಣ್ಣಗಾಗಿ ಕಣ್ಣು ಬಿಟ್ಟೆ. ಅಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೊಸ್ತಿಲು ದಾಟಿ ಬಂದು ಮುಟ್ಟಿ ನೋಡುವ ಧೈರ್ಯ ಅವನಿಗಿರಲಿಲ್ಲ. ಎಷ್ಟು ಸಲ ಕರೆದಿದ್ದನೋ.

ಧಡಕ್ಕನೆ ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಕಾಲು ನನ್ನ ಮಾತು ಕೇಳಿತು. ಅಪ್ಪ ಒಳಗೆ ಬಂದವನೇ ಬಗ್ಗಿ ನನ್ನ ಎಡಗಾಲಿನ ಮೀನಖಂಡ ಒತ್ತಿ ನೋಡಿದ. "ಅಪ್ಪಾ, ಕಾಲ ಮುಟ್ಟಬ್ಯಾಡೋ" ಎಂದು ಹಿಂದೆ ಸರಿದೆ. ಅವನು ಕೇಳಲಿಲ್ಲ, ಬಲಗಾಲನ್ನೂ ನೋಡಿದ. ಎರಡೂ ಒಂದೇ ಅಳತೆ ಇವೆ ಎಂದು ಖಾತ್ರಿಯಾದ ಮೇಲೆ ಬಿದ್ದ ಕುರ್ಚಿಯನ್ನು ಎತ್ತಿಟ್ಟು, ವಸ್ತ್ರದಿಂದ ಒರೆಸಿದ. ಆಮೇಲೆ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅದರ ಮೇಲೆ ಕೂತ. ನಿಲ್ಲಲು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಗೋಡೆಗೆ ತಲೆ ಆನಿಸಿ ಕಣ್ಣುಮುಚ್ಚಿದ.

ನಾನು ಅವನ ಎದೆಯನ್ನೇ ನೋಡುತ್ತ ನಿಂತೆ. ಸೋಮವಾರದ ವಿಭೂತಿ ಹಣೆಯ ಮೇಲೆ ಹಾಗೇ ಇತ್ತು. ಒಂದು ಗಳಿಗೆ ಸುಮ್ಮನಿದ್ದೆ, ಇನ್ನೊಂದು ಗಳಿಗೆ ಇರಲಾಗಲಿಲ್ಲ.

"ಅಪ್ಪಾ, ಏಳು."

ಕಣ್ಣು ಬಿಟ್ಟು ನೋಡಿದ. "ಈಗರ ಕುಂತೇನಲ್ಲೋ."

"ಇರ್ಲಿ. ಏಳು."

ಅವನು ನನ್ನ ಮುಖ ನೋಡಿದ. ಏನು ಕಂಡಿತೋ, ಕೈ ಚಾಚಿದ. ಎಬ್ಬಿಸಿದೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಿಸಿಲಿನಲ್ಲೇ ಬೇವಿನ ಮರದ ಕಡೆ ನಡೆದೆವು. ಕುರ್ಚಿಯ ಮೇಲೆ ಯಾರು ಕೂತಿದ್ದಾರೆಂದು ನಾನು ತಿರುಗಿ ನೋಡಲಿಲ್ಲ.